ಅಕ್ಕಯ್ಯ ಹೇಳಿದ್ದ ಒಂದು ತಿಂಗಳು

ಈ ಬೇಸಿಗೆಯಲ್ಲಿ ಚಳ್ಳಕೆರೆಯ ನಮ್ಮ ಮನೆಯ ಅಟ್ಟ ಹತ್ತಿದೆ. ಮಗಳ ಸೀಮಂತಕ್ಕೆ ದೊಡ್ಡ ಹಿತ್ತಾಳೆ ಪಾತ್ರೆಗಳನ್ನು ಇಳಿಸಬೇಕಿತ್ತು. ಮೇಲಿನ ಮೆಟ್ಟಿಲಿಗೆ ಕಾಲಿಡುತ್ತಿದ್ದಂತೆ ಮೂಗಿಗೆ ಆ ವಾಸನೆ ಬಡಿಯಿತು. ನೆನೆದು ಒಣಗಿದ ಗೋಣಿಚೀಲದಂಥ, ಒಳಗೊಳಗೇ ಕಣ್ಣುರಿಸುವಂಥ ಘಾಟು. ದೀಪ ಹಾಕಿ ನೋಡುವ ಅಗತ್ಯವೇ ಇರಲಿಲ್ಲ. ಬಾವಲಿ ಹಿಕ್ಕೆಯ ವಾಸನೆಯನ್ನು ಒಮ್ಮೆ ಒಂದು ಮನೆಯಲ್ಲಿ ತಿಂಗಳುಗಟ್ಟಲೆ ಉಸಿರಾಡಿದವರು ಅದನ್ನು ಮರೆಯುವುದಿಲ್ಲ. ಪಾತ್ರೆ ಬಿಟ್ಟು ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಮೊಳಕಾಲ್ಮೂರಿನ ಆ ಮನೆ, ಆ ಓಣಿ, ಗೋಡೆಯಾಚೆಯಿಂದ ಬರುತ್ತಿದ್ದ ಮಗ್ಗದ ಸದ್ದು... ಎಲ್ಲಕ್ಕಿಂತ ಮೊದಲು ಅಕ್ಕಯ್ಯ.

ಅಕ್ಕಯ್ಯ ನನಗೆ ರಕ್ತಸಂಬಂಧಿಯಲ್ಲ. ಮದುವೆಯಾದ ಮರುವರ್ಷ ನಮ್ಮವರು ಮೊಳಕಾಲ್ಮೂರಿನಲ್ಲಿ ಪೈಪು, ಸಿಮೆಂಟಿನ ಅಂಗಡಿ ತೆರೆದಾಗ ನಾವು ಬಾಡಿಗೆಗೆ ಹಿಡಿದದ್ದು ಅವರ ಮನೆಯ ಅರ್ಧ ಭಾಗವನ್ನು. ಮಗ್ಗದವರ ಓಣಿ. ಉದ್ದನೆಯ ಹೆಂಚಿನ ಮನೆ. ನಡುವೆ ಒಂದು ಗೋಡೆ ಎಬ್ಬಿಸಿ ಆ ಕಡೆ ಅವರು, ಈ ಕಡೆ ನಾವು. ಗೋಡೆ ಆಳೆತ್ತರಕ್ಕೆ ನಿಂತಿತ್ತು. ಅದರ ಮೇಲೆ ಹಲಗೆ ಹಾಸಿದ ಅಟ್ಟ ಮಾತ್ರ ಎರಡೂ ಮನೆಗೆ ಒಂದೇ. ಅವರು ಗಂಡನನ್ನು ಕಳೆದುಕೊಂಡು ಬಹಳ ವರ್ಷಗಳಾಗಿದ್ದವು. ಮಕ್ಕಳಿರಲಿಲ್ಲ. ಒಬ್ಬರೇ ಮಗ್ಗದ ಗುಂಡಿಗೆ ಕಾಲಿಳಿಸಿ ಕೂತು ರೇಷ್ಮೆ ಸೀರೆ ನೇಯುತ್ತಿದ್ದರು. ಮನೆಮಾತು ತೆಲುಗು. ಓಣಿಯ ಚಿಕ್ಕವರು ದೊಡ್ಡವರೆಲ್ಲ ಅವರನ್ನು ಕರೆಯುತ್ತಿದ್ದದ್ದೇ ಅಕ್ಕಯ್ಯ ಎಂದು. ನಾನೂ ಹಾಗೆಯೇ ಕರೆದೆ. ಅವರು ನನ್ನನ್ನು 'ಅಮ್ಮಾಯಿ', ಅಂದರೆ ಹುಡುಗಿ, ಎನ್ನುತ್ತಿದ್ದರು.

ನನಗೆ ಹೆತ್ತವ್ವ ಇರಲಿಲ್ಲ. ನಾನು ಐದನೇ ಇಯತ್ತೆಯಲ್ಲಿದ್ದಾಗಲೇ ತೀರಿಕೊಂಡಿದ್ದಳು. ಹೀಗಾಗಿ ಹೆರಿಗೆಗೆ ತವರು ಎಂಬುದು ನನಗೆ ಹೆಸರಿಗಷ್ಟೇ ಇತ್ತು. ಮಗಳು ಹುಟ್ಟಿದಾಗ ಬಾಣಂತನ ಮಾಡಿದವರು ಅಕ್ಕಯ್ಯ. ದಿನಾ ಬೆಳಿಗ್ಗೆ ಮಗ್ಗಕ್ಕೆ ಕೂರುವ ಮೊದಲು ಬಂದು, ಬಚ್ಚಲಲ್ಲಿ ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕಿ ಎರೆಯುತ್ತಿದ್ದರು. ನುಣುಪಾದ ಎಳೆ ಹಿಡಿದು ಹಿಡಿದು ಅವರ ಬೆರಳ ತುದಿಗಳು ಒರಟಾಗಿರಲಿಲ್ಲ, ಬದಲಿಗೆ ನಯವಾಗಿದ್ದವು. ಆ ಕೈಗೆ ಹೋದರೆ ಮಗು ಅಳುತ್ತಲೇ ಇರಲಿಲ್ಲ.

ಉಗಾದಿ ಕಳೆದು ಬಿಸಿಲು ಬಲಿಯುತ್ತಿದ್ದಂತೆ ಬಾವಲಿಗಳು ಬಂದವು. ಹಣ್ಣು ತಿನ್ನುವ ದೊಡ್ಡ ಬಾವಲಿಗಳಲ್ಲ, ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣವು. ನಮ್ಮ ಹಿತ್ತಲ ಕಡೆ ತೊಲೆಯೊಂದು ಗೋಡೆ ಹಾದು ಹೊರಬಂದ ಜಾಗದಲ್ಲಿ ಎರಡು ಬೆರಳಗಲದ ಸಂದು ಇತ್ತು. ಮುಸ್ಸಂಜೆಗೆ ಅಲ್ಲಿಂದ ಒಂದೊಂದಾಗಿ ಉದುರಿದಂತೆ ಹೊರಬಿದ್ದು ಊರ ಹಿಂದಿನ ಬಂಡೆಗುಡ್ಡದ ಕಡೆ ಹಾರುತ್ತಿದ್ದವು. ಬೆಳಗಿನ ಜಾವಕ್ಕೆ ಅದೇ ಸಂದಿನಿಂದ ಒಳಗೆ. ಹಲಗೆಯ ಬಿರುಕುಗಳಿಂದ ಕರೀ ಜೀರಿಗೆಯಂಥ ಹಿಕ್ಕೆ ಅಡುಗೆಮನೆಗೆ, ಹಾಸಿಗೆಗೆ ಬೀಳುತ್ತಿತ್ತು.

"ಪ್ರತಿ ವರ್ಷ ಬರ್ತಾವಮ್ಮಾಯಿ," ಎಂದಿದ್ದರು ಅಕ್ಕಯ್ಯ ನಗುತ್ತಾ. "ಇರಾಕೆ ಗುಡ್ಡ ಐತೆ ಅವಕ್ಕೆ. ಹೆರಾಕೆ ಮಾತ್ರ ನಮ್ಮನೆ. ತವರಿಗೆ ಬಂದಂಗೆ ಬರ್ತಾವೆ."

ಅವರಿಗೂ ಅವುಗಳಿಂದ ಸುಖವೇನಿರಲಿಲ್ಲ. ಮಗ್ಗದ ಮೇಲೆ ಒಂದು ಹನಿ ಬಿದ್ದರೂ ರೇಷ್ಮೆಗೆ ಕಲೆ. ಬೇಸಿಗೆ ಪೂರ್ತಿ ಮಗ್ಗದ ಮೇಲೆ ಹಳೇ ಧೋತರ ಚಪ್ಪರದಂತೆ ಕಟ್ಟಿಕೊಂಡು ನೇಯುತ್ತಿದ್ದರು. ಪ್ರತಿ ವರ್ಷ ಸಂದು ಮುಚ್ಚಿಸಬೇಕು ಅಂದುಕೊಳ್ಳುತ್ತಿದ್ದರಂತೆ. ಮಳೆ ಬಿದ್ದು ಅವು ಹೋದ ಮೇಲೆ ಮರೆತೇ ಹೋಗುತ್ತಿತ್ತಂತೆ.

ಒಂದು ಸಂಜೆ ದಾರಿ ತಪ್ಪಿದ ಬಾವಲಿಯೊಂದು ನಮ್ಮ ನಡುಮನೆಗೆ ಬಂದು, ನಾಲ್ಕು ಸುತ್ತು ಹಾಕಿ, ಮಗು ಮಲಗಿದ್ದ ತೊಟ್ಟಿಲ ಹಗ್ಗಕ್ಕೆ ಜೋತುಬಿತ್ತು. ನಾನು ಚೀರಿದ ಚೀರಾಟಕ್ಕೆ ಓಣಿಯೇ ಸೇರಿತು. ಅಕ್ಕಯ್ಯ ಬಂದು ಬಟ್ಟೆಯಲ್ಲಿ ಅದನ್ನು ಸುತ್ತಿ ಹೊರಗೆ ಬಿಟ್ಟರು. ಅದೇ ವಾರ ಚಳ್ಳಕೆರೆಯಿಂದ ಬಂದಿದ್ದ ನಮ್ಮತ್ತೆ, "ಕೂಸಿರೋ ಮನೇಗೆ ಬಾವಲಿ ಹೊಗಬಾರದು, ಒಳ್ಳೇದಲ್ಲ" ಎಂದು ಹೇಳಿ ಹೋದರು. ಅಲ್ಲಿಂದಾಚೆ ನನಗೆ ನಿದ್ದೆ ಹತ್ತಲಿಲ್ಲ. ಮಗು ಸುಮ್ಮನೆ ಮಲಗಿದ್ದರೂ ಮೂಗಿನ ಹತ್ತಿರ ಕೈಯಿಟ್ಟು ನೋಡುತ್ತಿದ್ದೆ. ಸಂದು ಮುಚ್ಚಿಸಿ ಎಂದು ಅಕ್ಕಯ್ಯನ ಬೆನ್ನು ಬಿದ್ದೆ.

ಅವರು ಬಾಯಿಮಾತಲ್ಲಿ ಬೇಡ ಎನ್ನಲಿಲ್ಲ. ಏಣಿ ಹಾಕಿಸಿ, ಬ್ಯಾಟರಿ ಕೊಟ್ಟು, ನನ್ನನ್ನೇ ಅಟ್ಟಕ್ಕೆ ಹತ್ತಿಸಿದರು. ಹಿಂದೆ ತಾವೂ ಹತ್ತಿದರು. ಜಂತೆಯ ಸಂದಿನಲ್ಲಿ ಅವು ಒಂದಕ್ಕೊಂದು ಒತ್ತಿಕೊಂಡು ಕೂತಿದ್ದವು. ಬೆಳಕು ಬಿದ್ದಾಗ ಒಂದೆರಡು ಅತ್ತಿತ್ತ ಸರಿದವು. ಆಗ ಕಂಡವು ಮರಿಗಳು. ಮೈಮೇಲೆ ಕೂದಲಿಲ್ಲ. ನೆನೆಸಿದ ಶೇಂಗಾ ಬೀಜದ ಬಣ್ಣ. ತಾಯಿಯ ಎದೆ ಕಚ್ಚಿಕೊಂಡು ನೇತಾಡುತ್ತಿದ್ದವು.

"ನೋಡಿದೇನು? ರೆಕ್ಕೆ ಇನ್ನೂ ಬಲ್ತಿಲ್ಲ," ಎಂದರು ಅಕ್ಕಯ್ಯ ಪಿಸುದನಿಯಲ್ಲಿ. "ಸಂಜೆಗೆ ತಾಯಿಗೋಳು ಮೇವಿಗೆ ಹೋಗ್ತಾವೆ, ಮರಿ ಇಲ್ಲೇ ಇರ್ತಾವೆ. ಈಗ ಮುಚ್ಚಿದ್ರೆ ಇವು ಒಳಗೇ ಸಾಯ್ತಾವೆ. ಇನ್ನೊಂದು ತಿಂಗಳು ತಡಕೋ ಅಮ್ಮಾಯಿ. ಕಾರಹುಣ್ಣಿಮೆ ಹೊತ್ತಿಗೆ ಎಲ್ಲಾ ಹಾರ್ತಾವೆ. ಆಗ ನಾನೇ ಮುಚ್ತೀನಿ. ಮತ್ತೆ ಯಾವ ವರ್ಷನೂ ಬರ್ದಂಗೆ ಮುಚ್ತೀನಿ."

ಹೇಗೆ ಮುಚ್ಚುವುದೆಂದೂ ಹೇಳಿದರು. ಒಂದೇ ಸಲಕ್ಕೆ ಗಾರೆ ಮೆತ್ತಬಾರದು. ಮೊದಲು ಸಂದಿನ ಮುಂದೆ ಒಂದು ಬಲೆ. ಮೇಲೆ, ಎರಡೂ ಪಕ್ಕ ಮೊಳೆ ಹೊಡೆದು ಕೆಳಗೆ ಸಡಿಲ ಬಿಡಬೇಕು. ಒಳಗಿರುವವು ಬಲೆಯ ಕೆಳಗಿನಿಂದ ತೆವಳಿ ಹೊರಬೀಳುತ್ತವೆ. ತಿರುಗಿ ಬಂದಾಗ ನೇರ ಸಂದಿಗೆ ಹಾರಲು ಹೋಗಿ ಬಲೆ ತಗುಲುತ್ತದೆ, ದಾರಿ ಸಿಗುವುದಿಲ್ಲ. ಒಂದು ವಾರ ಹಾಗೇ ಬಿಟ್ಟು, ಒಳಗೆ ಒಂದೂ ಉಳಿದಿಲ್ಲ ಎಂದು ಅಟ್ಟ ಹತ್ತಿ ನೋಡಿಕೊಂಡು, ಆಮೇಲೆ ಗಾರೆ. ಅದೊಂದೇ ಅಲ್ಲ, ಬೆರಳು ತೂರುವ ಸಂದು ಎಲ್ಲಿದ್ದರೂ ಎಲ್ಲವಕ್ಕೂ. ಅವತ್ತು ರಾತ್ರಿಯಿಂದಲೇ ಅವರು ಮಗ್ಗದಲ್ಲಿ ಉಳಿದ ಹತ್ತಿ ದಾರದಿಂದ ಬಲೆ ಹೆಣೆಯಲು ಕೂತರು. ನನ್ನ ಮಗುವಿಗೋಸ್ಕರ.

ಒಂದು ತಿಂಗಳು. ಅವರು ಕೇಳಿದ್ದು ಅಷ್ಟೇ.

ಆ ದಿನಗಳಲ್ಲಿ ಅವರ ಮಗ್ಗದ ಮೇಲಿದ್ದದ್ದು ತಮ್ಮನ ಮಗಳ ಧಾರೆಸೀರೆ. ಬಾಳೆಸುಳಿಯ ಹಸಿರು ಮೈ, ಅಂಚಿಗೆ ನವಿಲು. ಆ ಹುಡುಗಿಯನ್ನು ಎತ್ತಿ ಆಡಿಸಿದವರು ಅವರೇ. ಮುಹೂರ್ತಕ್ಕೆ ಅವಳು ತಮ್ಮ ಕೈಯಿಂದ ನೇಯ್ದ ಸೀರೆಯನ್ನೇ ಉಡಬೇಕೆಂದು ಸಾಹುಕಾರರ ನೂಲು ಮುಟ್ಟದೆ, ತಾವೇ ನೂಲು ಕೊಂಡು, ಬಣ್ಣ ಹಾಕಿಸಿ, ಹಾಸು, ಅಂದರೆ ಸೀರೆಯುದ್ದದ ಎಳೆಗಳನ್ನು, ಮಗ್ಗಕ್ಕೆ ಹೂಡಿದ್ದರು. ರಾಯದುರ್ಗದಲ್ಲಿ ಅವಳ ನಿಶ್ಚಿತಾರ್ಥ ಎಂದು ಮೂರು ದಿನಕ್ಕೆ ಹೊರಟಾಗ, ಮಗ್ಗದ ಮೇಲಿನ ಧೋತರವನ್ನು ಎರಡು ಸಲ ಎಳೆದು ನೋಡಿ, "ಸ್ವಲ್ಪ ನಿಗಾ ಇಡು ಅಮ್ಮಾಯಿ" ಎಂದು ಹೇಳಿಹೋದರು.

ಅದೇ ದಿನ ನಾನು ನಮ್ಮವರಿಗೆ ಅಂಗಡಿಯಿಂದ ಸಿಮೆಂಟು ತರಲು ಹೇಳಿದೆ.

ಅವರಿಗೆ ಮರಿಗಳ ವಿಷಯ ಗೊತ್ತಿರಲಿಲ್ಲ. ಅಟ್ಟ ಹತ್ತಿದ್ದವಳು ನಾನು, ನೋಡಿದ್ದವಳು ನಾನು. ಅಕ್ಕಯ್ಯ ಹೇಳಿದ ಮಾತನ್ನು ನಾನು ಅವರಿಗೆ ಹೇಳಿರಲಿಲ್ಲ. ಹೇಳಿದ್ದರೆ ಅವರು ಖಂಡಿತ ಕಾಯೋಣ ಎನ್ನುತ್ತಿದ್ದರು. ಇರುವೆ ಸಾಲು ಕಂಡರೂ ದಾಟಿ ಹೋಗುವ ಮನುಷ್ಯ. ಸಂಜೆ ಬಾವಲಿಗಳೆಲ್ಲ ಹಾರಿಹೋದ ಮೇಲೆ ಅವರು ಹಿತ್ತಲಲ್ಲಿ ಏಣಿ ಹತ್ತಿದರು. ನಾನು ಕೆಳಗೆ ನಿಂತು ಸಿಮೆಂಟಿನ ಬಾಣಲಿ ಎತ್ತಿಕೊಟ್ಟೆ. ಕರಣೆ ಹಿಡಿದವರು ಒಂದು ಕ್ಷಣ ನಿಂತು ಕೆಳಗೆ ನೋಡಿದರು.

"ಏನೇ, ಒಳಗೆ ಏನೂ ಉಳಿದಿಲ್ಲ ತಾನೇ?"

"ಏನೂ ಇಲ್ಲ ರೀ. ಎಲ್ಲಾ ಹೋದ್ವು."

ಇಷ್ಟು ವರ್ಷಗಳಲ್ಲಿ ಆ ಮಾತನ್ನು ಎಷ್ಟು ಸಲ ಮನಸ್ಸಿನಲ್ಲಿ ಹಿಂದಕ್ಕೆ ತೆಗೆದುಕೊಂಡಿದ್ದೇನೋ... ನಾನು ಆಗ ಹಾಲೂಡಿಸುತ್ತಿದ್ದ ತಾಯಿ. ನನಗೆ ಅರ್ಥವಾಗದ್ದೇನೂ ಅದರಲ್ಲಿ ಇರಲಿಲ್ಲ. ಅರ್ಥವಾಗಿದ್ದೂ ಹಾಗೆ ಹೇಳಿದೆ.

ಬೆಳಗಿನ ಜಾವ ತಾಯಿಗಳು ತಿರುಗಿ ಬಂದವು. ಒದ್ದೆ ಸಿಮೆಂಟಿಗೆ ಕಚ್ಚಿಕೊಂಡು, ಜಾರಿ, ಮತ್ತೆ ಹಾರಿ ಬಂದು ಕಚ್ಚಿಕೊಂಡು... ಹೊತ್ತು ಏರುವ ತನಕ ಸೂರಿನ ಸುತ್ತ ಸುತ್ತಿದವು. ಅಟ್ಟದೊಳಗಿನಿಂದ ಸಣ್ಣ ದನಿಗಳು ಶುರುವಾದವು. ಗಾಜಿನ ಮೇಲೆ ಉಗುರು ಎಳೆದಂಥ ದನಿ. ಮೊದಲ ದಿನ ಪೂರ್ತಿ ಕೇಳಿತು. ನಮ್ಮವರು ಊಟಕ್ಕೆ ಬಂದಾಗ ತಲೆಯೆತ್ತಿ, "ಇಲಿ ಸೇರ್ಕೊಂಡಾವೇನೋ" ಎಂದರು. ನಾನು ಹೂಂ ಎಂದೆ. ಎರಡನೇ ದಿನ ದನಿ ತೆಳ್ಳಗಾಯಿತು. ನನಗೆ ಎದೆ ಬಿಗಿದು ಹಾಲು ತಾನಾಗಿ ಇಳಿಯುತ್ತಿತ್ತು. ಸಿಮೆಂಟು ಒಡೆಸಿಬಿಡಲೇ ಎಂದು ಎರಡು ಸಲ ಅಂಗಡಿಗೆ ಹೋಗಲು ಹೊರಟು ಬಾಗಿಲವರೆಗೂ ಬಂದೆ. ಒಡೆಸಿದರೆ ನಾನು ಹೇಳಿದ ಸುಳ್ಳೂ ಹೊರಬೀಳುತ್ತಿತ್ತು. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ರೇಡಿಯೋ ಜೋರಾಗಿ ಇಟ್ಟು ಕೂತೆ.

ಮೂರನೇ ದಿನ ಮಧ್ಯಾಹ್ನ ಅಕ್ಕಯ್ಯ ಬಂದರು. ಬೀಗ ತೆಗೆದ ಸದ್ದು ಕೇಳಿತು.

ನನ್ನ ಬಾಗಿಲಿಗೆ ಬಂದಾಗ ಅವರ ಅಂಗೈಯಲ್ಲಿ, ಸೆರಗಿನ ಮೇಲೆ, ಒಂದು ಮರಿ ಇತ್ತು. ಹಸಿವಿಗೆ ಮರಿಗಳು ತಾಯಿಯನ್ನು ಹುಡುಕಿಕೊಂಡು ಹಲಗೆಯ ಮೇಲೆಲ್ಲ ತೆವಳಿದ್ದವು. ಅವರ ಕಡೆಯ ಅಟ್ಟದ ಬಿರುಕಿನಿಂದ ಕೆಳಗೆ ಬಿದ್ದಿದ್ದವು. ಒಂದರ ಮೇಲೊಂದು ಬಿದ್ದ ಭಾರಕ್ಕೆ ಧೋತರದ ಒಂದು ಗಂಟು ಬಿಚ್ಚಿ, ಮಗ್ಗದ ಮೇಲೇ ಜಾರಿದ್ದವು. ಕೆಲವು ಸತ್ತು ನೆಲಕ್ಕೆ ಬಿದ್ದಿದ್ದರೆ, ಕೆಲವು ಹಾಸಿನ ಎಳೆಗಳಿಗೆ ಹೆಬ್ಬೆರಳ ಉಗುರು ಸಿಕ್ಕಿಸಿಕೊಂಡು ಹಾಗೇ ನೇತಾಡುತ್ತಿದ್ದವು. ತಾಯಿಯ ಮೈಯೆಂದು ರೇಷ್ಮೆಯನ್ನು ಹಿಡಿದಿದ್ದವು. ಬಾಳೆಸುಳಿಯ ಹಸಿರಿನ ಮೇಲೆ ಕಂದು ಕಲೆಗಳು.

"ಯಾರು ಮುಚ್ಚಿದ್ದು?" ಎಂದು ಕೇಳಿದರು. ದನಿ ಎತ್ತರಿಸಲಿಲ್ಲ.

"ಇವ್ರು... ಇವ್ರಿಗೆ ಗೊತ್ತಿರ್ಲಿಲ್ಲ ಅಕ್ಕಯ್ಯ. ನಾನು ಹೇಳಾಕೆ ಮರ್ತೋಯ್ತು."

ಅವರು ನನ್ನ ಮುಖವನ್ನೇ ನೋಡಿದರು. "ಮರ್ತೋಯ್ತಾ..." ಎಂದರು. ಅಷ್ಟೇ. ಒಳಗೆ ಹೋಗಿ ಚಾಣ, ಸುತ್ತಿಗೆ ತಂದು ಹಿತ್ತಲಿಗೆ ನಡೆದರು.

ಐವತ್ತು ದಾಟಿದ ಹೆಂಗಸು ಸೀರೆ ಎತ್ತಿಕಟ್ಟಿ ಏಣಿ ಹತ್ತಿ, ಗಟ್ಟಿಯಾಗಿದ್ದ ಸಿಮೆಂಟನ್ನು ಒಂದೊಂದೇ ಚೂರಾಗಿ ಒಡೆದರು. ನಾನು ಏಣಿ ಹಿಡಿದು ನಿಂತಿದ್ದೆ. ಧೂಳು ನನ್ನ ತಲೆಯ ಮೇಲೆ ಉದುರುತ್ತಿತ್ತು. ಜೀವವಿದ್ದ ಮರಿಗಳನ್ನು ಒಂದು ಬುಟ್ಟಿಯಲ್ಲಿ ತಂದು ಸಂದಿನ ಒಳಬಾಯಲ್ಲಿ ಇಟ್ಟರು. ಸಂಜೆಯಾಗುತ್ತಲೇ ತಾಯಿಗಳು ಬಂದವು. ಮೂರು ದಿನ ಎಲ್ಲಿ ಜೋತುಬಿದ್ದಿದ್ದವೋ! ಒಳಹೊಕ್ಕು, ಸ್ವಲ್ಪ ಹೊತ್ತಿಗೆ ಒಂದು ಹೊರಬಂತು. ಹೊಟ್ಟೆಗೆ ಮರಿ ಕಚ್ಚಿಕೊಂಡಿತ್ತು. ಆ ಭಾರಕ್ಕೆ ನೆಲದ ಹತ್ತಿರ ಇಳಿದು, ತಡವರಿಸಿ, ಮತ್ತೆ ಮೇಲೇರಿತು. ಹಾಗೆ ಹೋದವು ಕೆಲವೇ ಕೆಲವು. ಮಿಕ್ಕ ತಾಯಿಗಳು ಒಳಗೆ ಹೊರಗೆ, ಒಳಗೆ ಹೊರಗೆ...

ಸತ್ತ ಮರಿಗಳನ್ನು ಅಕ್ಕಯ್ಯ ಮರುದಿನ ಗುಡಿಸಿ ತಂದು ನುಗ್ಗೆಗಿಡದ ಬುಡದಲ್ಲಿ ಹೂತರು. ನಾನು ಹೊರಗೆ ಹೋಗಲಿಲ್ಲ.

ಅವತ್ತು ಬೆಳಿಗ್ಗೆಯೂ ಅವರು ಎಂದಿನ ಹೊತ್ತಿಗೇ ಬಂದು ಮಗುವಿಗೆ ಎರೆದರು. ನಾನು ಬೈಗುಳಕ್ಕೆ ಸಿದ್ಧಳಾಗಿದ್ದೆ. ಮನೆ ಬಿಡಿ ಎಂದರೂ ಸೈ ಎಂದುಕೊಂಡಿದ್ದೆ. ಅವರು ಹಾಗೇನೂ ಅನ್ನಲಿಲ್ಲ. ಮಗುವಿನ ನೆತ್ತಿಗೆ ಎಣ್ಣೆ ಒತ್ತುತ್ತಾ ತೆಲುಗಿನಲ್ಲಿ ಏನೋ ಲಾಲಿ ಗುನುಗುತ್ತಿದ್ದರು. ನನ್ನ ಜೊತೆ ಮಾತು ಮಾತ್ರ ಕಡಿಮೆಯಾಯಿತು. ಅಥವಾ ನಾನೇ ಕಡಿಮೆ ಮಾಡಿದೆನೋ... ಈಗ ನೆನೆದರೆ ಎರಡನೆಯದೇ ನಿಜ ಅನಿಸುತ್ತದೆ.

ಕಲೆ ಎಷ್ಟು ತೊಳೆದರೂ ಹೋಗಲಿಲ್ಲ. ನೇಯ್ದಷ್ಟನ್ನೂ, ಕೆಟ್ಟ ಹಾಸನ್ನೂ ಕತ್ತರಿಸಿ ತೆಗೆದರು. ಗೋಡೆಯಾಚೆ ಕತ್ತರಿ ಆಡಿದ ಸದ್ದು ನನಗೆ ಕೇಳಿತು. ಮತ್ತೆ ನೂಲು ತಂದು, ಬಣ್ಣ ಹಾಕಿಸಿ, ಹಾಸು ಹೂಡುವ ಹೊತ್ತಿಗೆ ದಿನಗಳು ಜಾರಿದ್ದವು. ಮದುವೆಗೆ ಅವರು ಬರಿಗೈಯಲ್ಲಿ ಹೋದರು. ಹುಡುಗಿ ಅಂಗಡಿಯಿಂದ ತಂದ ಸೀರೆಯುಟ್ಟು ಧಾರೆಗೆ ಕೂತಳಂತೆ. ಅಕ್ಕಯ್ಯನ ಸೀರೆ ಮುಗಿದದ್ದು ಅದಾಗಿ ಮೂರು ವಾರಕ್ಕೆ. "ಯಾವಾಗಾದ್ರೂ ಉಡ್ತಾಳೆ ಬಿಡು" ಎಂದು ಅವರು ಪಕ್ಕದ ಮನೆಯವರಿಗೆ ಹೇಳುತ್ತಿದ್ದದ್ದು ನನ್ನ ಕಿವಿಗೆ ಬಿತ್ತು.

ಕಾರಹುಣ್ಣಿಮೆ ಕಳೆದ ಮೇಲೆ ಅವರು ಹೇಳಿದಂತೆಯೇ ಬಲೆ ಹೊಡೆದರು. ಒಂದು ವಾರ ಬಿಟ್ಟು ಅಟ್ಟ ಹತ್ತಿ ನೋಡಿ, ಸುಣ್ಣದ ಗಾರೆ ಕಲಸಿ, ಆ ಸಂದನ್ನೂ ಸೂರಿನ ಉಳಿದ ಬಿರುಕುಗಳನ್ನೂ ಒಂದೂ ಬಿಡದೆ ಮುಚ್ಚಿದರು. ಮರುವರ್ಷ ಬಾವಲಿಗಳು ಬರಲಿಲ್ಲವೆಂದು ಆಮೇಲೆ ಕೇಳಿದೆ. ನೋಡಲು ನಾವು ಅಲ್ಲಿರಲಿಲ್ಲ. ದಸರೆ ಮುಗಿಯುತ್ತಿದ್ದಂತೆ, ಇಲ್ಲಿ ವ್ಯಾಪಾರವಿಲ್ಲ, ಅತ್ತೆಗೆ ವಯಸ್ಸಾಯಿತು ಎಂದು ಏನೇನೋ ಹೇಳಿ ನಮ್ಮವರನ್ನು ಚಳ್ಳಕೆರೆಗೆ ಹೊರಡಿಸಿದ್ದೆ. ನಿಜವಾದ ಕಾರಣ ದಿನಾ ಬೆಳಿಗ್ಗೆ ಆ ನಯವಾದ ಬೆರಳುಗಳು ನನ್ನ ಮಗುವಿನ ಮೈಮೇಲೆ ಆಡುವುದನ್ನು ನೋಡಲಾರದೆ ಹೋದದ್ದು.

ಹೊರಡುವ ದಿನ ಅಕ್ಕಯ್ಯ ನನಗೆ ಕುಂಕುಮವಿಟ್ಟು, ಮಗುವನ್ನು ಮುದ್ದಿಸಿ ಕೊಟ್ಟರು. ಲಾರಿ ಓಣಿಯ ಬಾಯಲ್ಲಿ ನಿಂತಿತ್ತು. ಹೊಸ್ತಿಲ ಹತ್ತಿರ ನನ್ನ ತೋಳು ಹಿಡಿದು ಕೇಳಿದರು:

"ಏನಾರ ಹೇಳಾದೈತಾ ಅಮ್ಮಾಯಿ?"

"ಏನಿಲ್ಲ ಅಕ್ಕಯ್ಯ. ಬರ್ತೀನಿ."

ಅವರು ತೋಳು ಬಿಟ್ಟರು.

ಚಳ್ಳಕೆರೆಯಿಂದ ಮೊಳಕಾಲ್ಮೂರು ದೂರವೇನಲ್ಲ. ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಮನೆಗೆ ವಾಪಸ್ಸು ಬರಬಹುದು. ಮಗಳ ಜವಳ ತೆಗೆಸುವಾಗ ಕರೆಯಬೇಕು ಎಂದುಕೊಂಡೆ, ಕರೆಯಲಿಲ್ಲ. ಶಾಲೆಗೆ ಸೇರಿಸುವಾಗ ಕರೆದುಕೊಂಡು ಹೋಗಿ ತೋರಿಸಬೇಕು ಎಂದುಕೊಂಡೆ. ಮದುವೆ ಸೀರೆಗೆ ಅವರ ಹತ್ತಿರವೇ ಹೋಗೋಣ ಎಂದು ನಮ್ಮವರು ಅಂದಾಗ, ಅವರಿಗೆ ಕಣ್ಣು ಮಂಜಾಗಿರಬೇಕು ಬಿಡಿ ಎಂದೆ. ಒಮ್ಮೆ ಬಳ್ಳಾರಿಗೆ ಹೋಗುವಾಗ ನಮ್ಮ ಬಸ್ಸು ಮೊಳಕಾಲ್ಮೂರು ನಿಲ್ದಾಣದಲ್ಲಿ ನಿಂತಿತ್ತು. ಕಿಟಕಿಯಿಂದ ನಾಲ್ಕು ಮಾರು ದೂರದಲ್ಲಿ ಅಕ್ಕಯ್ಯ ಸೀತಾಫಲ ಆರಿಸುತ್ತಿದ್ದರು. ಬೆನ್ನು ಸ್ವಲ್ಪ ಬಾಗಿತ್ತು. ಅವರು ಈ ಕಡೆ ತಿರುಗುವ ಮೊದಲೇ ನಾನು ಸೆರಗು ಹೊದ್ದು ಮುಖ ಆಚೆ ತಿರುಗಿಸಿದೆ... ಕಂಡಕ್ಟರ್ ಸೀಟಿ ಊದುವ ತನಕ ಹಾಗೇ ಕೂತಿದ್ದೆ.

ಈಗ, ಈ ಬೇಸಿಗೆ, ನಾನು ಅಟ್ಟದಿಂದ ಇಳಿದು ಬಂದು ಬಾವಲಿ ಸೇರಿವೆ ಎಂದಾಗ ನಮ್ಮವರು, "ಮರಿ ಇಲ್ಲಾಂದ್ರೆ ಸಂಜೆ ಅವು ಹೋದ್ಮೇಲೆ ಸಿಮೆಂಟ್ ಹೊಡೆಸಿದ್ರಾತು, ಮೊಳಕಾಲ್ಮೂರಲ್ಲಿ ಆದಂಗೆ ಆಗ್ಬಾರ್ದು" ಎಂದರು. ಅವರಿಗೆ ಅಂದಿನದು ಅಚಾತುರ್ಯದಿಂದ ಆದದ್ದು. ಹೆಂಡತಿ ಹೇಳಲು ಮರೆತಳು, ಅಷ್ಟೇ.

"ಬೇಡ ರೀ. ಮರಿ ಇರ್ತಾವೆ. ಕಾರಹುಣ್ಣಿಮೆ ತನಕ ಕಾಯಾಣ."

"ಅವತ್ತು ಮರ್ತಿದ್ದೆ, ಈ ಸಲ ಜ್ಞಾಪಕ ಐತಲ್ಲ," ಎಂದು ನಕ್ಕರು.

"ಅವತ್ತೂ ಮರ್ತಿರ್ಲಿಲ್ಲ," ಎಂದೆ.

ಅವರು ಕೈಯಲ್ಲಿದ್ದ ಲೋಟ ಕೆಳಗಿಟ್ಟರು. ನಾನು ಎಲ್ಲವನ್ನೂ ಹೇಳಿದೆ. ಏಣಿಯ ಮೇಲಿಂದ ಅವರು ಕೇಳಿದ್ದು, ನಾನು ಉತ್ತರ ಕೊಟ್ಟಿದ್ದು. ಅವರು ಕೇಳಿದ್ದು ಒಂದೇ ಮಾತು: "ಅಕ್ಕಯ್ಯಂಗೆ ಗೊತ್ತಿತ್ತಾ?"

ಗೊತ್ತಿಲ್ಲ ಎಂದೆ.

ಕಾದೆವು. ಕಾರಹುಣ್ಣಿಮೆ ಕಳೆದು, ಮರಿಗಳು ತಾಯಂದಿರ ಜೊತೆ ಹಾರುವುದನ್ನು ಕಣ್ಣಾರೆ ಕಂಡು, ಬಲೆ ಕಟ್ಟಿಸಿ, ವಾರ ಬಿಟ್ಟು ಮುಚ್ಚಿಸಿದೆವು. ಕೊನೆಯ ಸಂದಿಗೆ ಗಾರೆ ಮೆತ್ತಿದ ಮರುದಿನ ನಮ್ಮವರೇ, "ನಡಿ, ಹೋಗಿಬರಾಣ" ಎಂದರು.

ಓಣಿಯಲ್ಲಿ ಅರ್ಧಕ್ಕರ್ಧ ಮನೆಗಳು ತಾರಸಿಯಾಗಿದ್ದವು. ಅಕ್ಕಯ್ಯನ ಮನೆ ಹಾಗೇ ಇತ್ತು. ಬಾಗಿಲು ತೆರೆದವಳು ನಲವತ್ತರ ಆಸುಪಾಸಿನ ಹೆಂಗಸು. ಅವರ ತಮ್ಮನ ಮಗಳು, ಅಂದಿನ ಮದುವಣಗಿತ್ತಿ. ಸೋದರತ್ತೆಯನ್ನು ಕೊನೆಗಾಲದಲ್ಲಿ ನೋಡಿಕೊಳ್ಳಲು ಗಂಡನ ಜೊತೆ ಇಲ್ಲಿಗೇ ಬಂದು ಉಳಿದಿದ್ದಳು. ಅಕ್ಕಯ್ಯ ತೀರಿಕೊಂಡು ಎರಡು ವರ್ಷವಾಗಿತ್ತು.

ನಾನು ಯಾರೆಂದು ಹೇಳಿದೆ. "ಚಳ್ಳಕೆರೆ ಅಕ್ಕನಾ? ಪಾಪು ಇತ್ತಲ್ಲ, ಅವ್ರಾ?" ಎಂದು ಒಳಗೆ ಕರೆದು ಚಾಪೆ ಹಾಸಿದಳು. ಮಗ್ಗದ ಗುಂಡಿಯನ್ನು ಮುಚ್ಚಿ ನೆಲ ಮಾಡಿದ್ದರು.

ನಾನು ಅವಳಿಗೆ ಹೇಳಿದೆ. ಅವಳ ಸೀರೆಯ ವಿಷಯವಾದ್ದರಿಂದ ಅವಳಿಗೂ ಹೇಳಬೇಕಿತ್ತು. ನಮ್ಮವರು ತಲೆ ತಗ್ಗಿಸಿ ಕೂತಿದ್ದರು. ಅವಳು ಪೂರ್ತಿ ಕೇಳಿದಳು. ಮುಗಿದ ಮೇಲೆ ಸಿಟ್ಟೂ ಮಾಡಲಿಲ್ಲ, ಹೋಗಲಿ ಬಿಡಿ ಎಂದೂ ಅನ್ನಲಿಲ್ಲ.

"ಅತ್ತಮ್ಮಂಗೆ ಅವತ್ತೇ ಗೊತ್ತಿತ್ತಕ್ಕ," ಎಂದಳು. "'ಅಮ್ಮಾಯಿ ಒಂದಿನ ಬರ್ತಾಳೆ, ನನ್ನತ್ರ ಏನೋ ಹೇಳಾದೈತೆ ಅವ್ಳಿಗೆ' ಅಂತಿತ್ತು. ಇದನ್ನ ನೀವು ಅತ್ತಮ್ಮಂಗೇ ಹೇಳ್ಬೇಕಿತ್ತು."

ಆಮೇಲೆ ಚಹಾ ಇಡಲು ಎದ್ದವಳು ಅಡುಗೆಮನೆಯ ಬಾಗಿಲಲ್ಲಿ ನಿಂತು, ನಮಗೋ ತನಗೋ ಎಂಬಂತೆ ತೆಲುಗಿನಲ್ಲಿ ಅಂದಳು:

"ಮೀ ಕೋಸಂ ಶಾನಾ ದಿನಾಲು ಎದುರು ಚೂಸಿಂದಿ."

ನಿಮಗಾಗಿ ಬಹಳ ದಿನ ದಾರಿ ನೋಡಿದಳು. ನಮ್ಮವರು ಏನೆಂದು ನನ್ನ ಕಡೆ ತಿರುಗಿದರು. ಅಷ್ಟು ತೆಲುಗನ್ನು ನನಗೆ ಕಲಿಸಿದವರು ಅಕ್ಕಯ್ಯನೇ. ಆದರೂ ಅದನ್ನು ಕನ್ನಡದಲ್ಲಿ ಅವರಿಗೆ ಹೇಳಲು ನನ್ನಿಂದಾಗಲಿಲ್ಲ.